ಒಬ್ಬರಿಗೆ ಒಂದೇ ಕೆಂಪು

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರಿಗಿರುವ ನನ್ನ ಪಂಪ್‌ಸೆಟ್ ಅಂಗಡಿಗೆ ಬಂದವರು ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ಗೋಡೆಗೆ ಹಾಕಿದ ಕಂಪನಿಯ ಪ್ರಮಾಣಪತ್ರವನ್ನು ನೋಡುತ್ತಾರೆ. ಬಾಗಿಲ ಪಕ್ಕದ ಮೇಜಿನ ಮೇಲಿರುವ ಉದ್ದನೆಯ ಕಟ್ಟಿಗೆ ಪೆಟ್ಟಿಗೆಯ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಪ್ರಮಾಣಪತ್ರ ಬಂದದ್ದೇ ಆ ಪೆಟ್ಟಿಗೆಯಿಂದ. ಹೋದ ತಿಂಗಳು ಆ ಮೇಜಿನ ಒಡತಿ ತಮ್ಮ ಕತ್ತರಿಯನ್ನು ತಂದು ನನ್ನ ಮುಂದಿಟ್ಟರು.

"ಕಣ್ಣು ಮಂಜಾಗ್ಯಾವ್ರಿ ಸಾವ್ಕಾರ್ರ. ಇನ್ನ ಸಾಕು."

ನಾನು ಬಾಯಿ ಬಿಟ್ಟೆ. ಚೌಕಾಸಿ ಮಾಡುವುದು ನನ್ನ ಹುಟ್ಟುಗುಣ, ಇನ್ನೊಂದು ವರ್ಷವಾದರೂ ಎಳೆಯೋಣ ಎಂದುಕೊಂಡೆ. ಅವರು ಕೈ ಎತ್ತಿದರು. ಅವರು ಕೈ ಎತ್ತಿದ ಮೇಲೆ ಮಾತು ಮುಂದುವರಿಸಿ ಗೆದ್ದವನು ಐದು ತಾಲ್ಲೂಕಿನಲ್ಲಿ ಒಬ್ಬನೂ ಇಲ್ಲ.

ಅವರನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ಆಪಾ ಅಂದರೆ ಅಕ್ಕ. ನಮ್ಮ ಅಂಗಡಿಯ ವೈಂಡಿಂಗ್ ಮೇಸ್ತ್ರಿಯ ಅಕ್ಕ ಅವರು. ಮೇಸ್ತ್ರಿಯ ಮನೆ ಅಂಗಡಿಯ ಬೆನ್ನಿಗೇ ಅಂಟಿಕೊಂಡಿತ್ತು. ನಡುವೆ ಒಂದು ಬಾಗಿಲು, ಬಾಗಿಲಿಗೆ ಹಸಿರು ಪರದೆ. ಮೊದಲ ನಾಲ್ಕು ವರ್ಷ ನಾನು ಆಪಾನ ಮುಖ ನೋಡಿಯೇ ಇರಲಿಲ್ಲ, ಪರದೆಯ ಅಂಚಿನಿಂದ ಚಾಚುತ್ತಿದ್ದ ಕೈಯನ್ನಷ್ಟೇ ನೋಡಿದ್ದೆ. ಶಾಯಿ ಹತ್ತಿದ ಬೆರಳು, ಎರಡು ಗಾಜಿನ ಬಳೆ.

ಮೇಸ್ತ್ರಿಯ ಕೈಯಲ್ಲಿ ಜಾದೂ ಇತ್ತು, ಅಕ್ಷರ ಮಾತ್ರ ಇರಲಿಲ್ಲ. ಆಪಾ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದವರು. ಸುಟ್ಟ ಮೋಟಾರು ಬಂದರೆ ಒಳಗಿನ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಬೇಕು. ಎಷ್ಟು ಸುತ್ತು, ಯಾವ ನಂಬರಿನ ತಂತಿ ಎಂಬುದೇ ಅದರ ಜೀವ. ನಮ್ಮ ಕಡೆ ಕರೆಂಟು ಸೊರಗಿ ಬರುವುದರಿಂದ ಕಂಪನಿ ಕೊಟ್ಟ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಸಲ ಸುತ್ತಿ ನೋಡಬೇಕು. ಸುಟ್ಟರೆ ದಪ್ಪ ತಂತಿ ಹಾಕಿ ಸುತ್ತು ಕಡಿಮೆ ಮಾಡಬೇಕು. ಹೀಗೆ ಎರಡನೇ ಸಲವೋ ಮೂರನೇ ಸಲವೋ ಆ ಬಾವಿಗೆ ತಕ್ಕ ಲೆಕ್ಕ ಸಿಗುತ್ತದೆ. ಪ್ರತಿ ಸಲದ ಲೆಕ್ಕವನ್ನೂ ಆಪಾ ಒಂದೊಂದು ಕಾರ್ಡಿನಲ್ಲಿ ಬರೆದು, ಒಬ್ಬ ಗಿರಾಕಿಯ ಕಾರ್ಡುಗಳನ್ನೆಲ್ಲ ಒಟ್ಟಿಗೆ ಪೆಟ್ಟಿಗೆಯಲ್ಲಿ ನಿಲ್ಲಿಸುತ್ತಿದ್ದರು.

ಮೊದಲ ಪೆಟ್ಟು ಬಿದ್ದದ್ದು ಕೊಟ್ಟೂರಿನ ಕೊಟ್ರಪ್ಪನಿಂದ. ಕೊಟ್ಟೂರಿನ ಯಾವುದೇ ಓಣಿಯಲ್ಲಿ ನಿಂತು 'ಕೊಟ್ರಪ್ಪಾ' ಎಂದು ಕೂಗಿದರೆ ಆರು ಬಾಗಿಲು ತೆರೆಯುತ್ತವೆ. ಹಾಗಾಗಿ ಆಪಾ 'ಹುಣಸಿಮರದ ಬಾವಿ ಕೊಟ್ರಪ್ಪ', 'ಜೋಡುಬಾವಿ ಕೊಟ್ರಪ್ಪ' ಎಂದು ಬಾವಿಯ ಮೇಲಿಂದ ಗುರುತು ಹಾಕಿದ್ದರು. ಗಿರಾಕಿಯ ಗೊಂದಲ ಅಲ್ಲಿಗೆ ಮುಗಿದಿತ್ತು, ಕಾರ್ಡಿನ ಗೊಂದಲ ಉಳಿದಿತ್ತು. ಹುಣಸಿಮರದ ಕೊಟ್ರಪ್ಪನಿಗೆ ನಾಲ್ಕು ಕಾರ್ಡು. ಅವನು ಮೋಟಾರು ತಂದ ದಿನ ಆಪಾ ಮನೆಯಲ್ಲಿರಲಿಲ್ಲ. ಅವಸರದಲ್ಲಿ ನಾನೇ ಪೆಟ್ಟಿಗೆಗೆ ಕೈ ಹಾಕಿ, ಕೈಗೆ ಸಿಕ್ಕ ಮೊದಲ ಕಾರ್ಡನ್ನು ಮೇಸ್ತ್ರಿಗೆ ಓದಿ ಹೇಳಿದೆ. ಮೂರನೆಯ ದಿನ ಕೊಟ್ರಪ್ಪ ಮೋಟಾರನ್ನು ಮತ್ತೆ ಚಕ್ಕಡಿಯಲ್ಲಿ ಹೇರಿಕೊಂಡು ಬಂದ.

"ಸಾವ್ಕಾರ, ನೀನು ಕೊಟ್ಟ ಮೋಟ್ರು ನೀರ ಎತ್ತಲಿಲ್ಲೋ ಮಾರಾಯ. ಹೊಗಿ ಎತ್ತಿತು. ಹೊಲಕ್ಕ ಹೊಗಿ ಹಾಯಿಸ್ಲೇನು?"

ಅಂಗಡಿ ತುಂಬ ಜನ. ಎಲ್ಲರೂ ನಕ್ಕರು. ನಾನು ಮೇಸ್ತ್ರಿಯ ಮೇಲೆ ಹರಿಹಾಯ್ದೆ. ಆಗ ಪರದೆಯ ಹಿಂದಿನಿಂದ ದನಿ ಬಂತು:

"ಅವನ್ಯಾಕ ಬೈತೀರಿ? ಓದಿದ್ದು ಯಾರು?"

ಅಂಗಡಿ ಇಡಬೇಕೆನ್ನುವ ತಮ್ಮಂದಿರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ತಪ್ಪು ನಿಮ್ಮದಾದಾಗ ಆಳಿನ ಮೇಲೆ ಕೂಗಿದರೆ ಗಿರಾಕಿಗೆ ಅದು ಗೊತ್ತಾಗಿಯೇ ಆಗುತ್ತದೆ. ಸುಮ್ಮನಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತದೆ. ಕುಡ್ಲಿಗಿ, ಕೊಟ್ಟೂರಿನ ನಡುವೆ ಸೈಕಲ್ ಕ್ಯಾರಿಯರಿನಲ್ಲಿ ಬೆಲ್ಟು, ಆಯಿಲ್ ಡಬ್ಬ ಕಟ್ಟಿಕೊಂಡು ಮಾರುತ್ತಿದ್ದ ಕಾಲದಿಂದ ನಾನು ಕಲಿತ ವ್ಯಾಪಾರದಲ್ಲಿ ಈ ಪಾಠ ಇರಲಿಲ್ಲ. ಅಂದು ಕಲಿತೆ.

ಮರುದಿನ ಆಪಾ ಸುರುಳಿ ಬಿಗಿಯುವ ಹತ್ತಿ ಪಟ್ಟಿಯನ್ನು ತರಿಸಿಕೊಂಡರು. ಮೋಟಾರಿನ ಸುರುಳಿಗೆ ಹಚ್ಚುವ ಕೆಂಪು ವಾರ್ನಿಷ್‌ನಲ್ಲಿ ಅದ್ದಿ, ಅಂಗಳದ ಹಗ್ಗದ ಮೇಲೆ ಒಣಗಿಸಿ, ಗೇಣುದ್ದ ಕತ್ತರಿಸಿದರು. ಪ್ರತಿ ಗಿರಾಕಿಯ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಇತ್ತೀಚಿನ ಕೆಲಸದ ಕಾರ್ಡಿಗೆ ಮಾತ್ರ ತೂತು ಮಾಡಿ ಒಂದು ಕೆಂಪು ಪಟ್ಟಿ ಕಟ್ಟಿದರು. ಹೊಸ ಕೆಲಸವಾದರೆ ಹಳೆಯ ಕಾರ್ಡಿನ ಪಟ್ಟಿ ಕತ್ತರಿಸಿ ಹೊಸದಕ್ಕೆ ಕಟ್ಟುವುದು. ಹಳೆಯ ಕಾರ್ಡನ್ನು ಎಸೆಯುತ್ತಿರಲಿಲ್ಲ. 'ಹಿಂದ ಏನಾಗಿತ್ತು ಅಂತ ಮೋಟ್ರಿಗೂ ಬೇಕಾಗ್ತೈತಿ' ಎನ್ನುತ್ತಿದ್ದರು. ಪೆಟ್ಟಿಗೆ ತೆರೆದರೆ ಒಬ್ಬೊಬ್ಬರಿಗೆ ಒಂದೊಂದು ಕೆಂಪು ನಾಲಿಗೆ ಹೊರಗೆ ಚಾಚಿ ನಿಂತಿರುತ್ತಿತ್ತು.

"ಹೊಸಾದು ಕಟ್ಟಿ ಆಮೇಲೆ ಹಳೇದು ಕತ್ತರಿಸಿದ್ರ ಆಗೂದಿಲ್ಲೇನು ಆಪಾ?" ಎಂದು ಒಮ್ಮೆ ಕೇಳಿದೆ. ಸುಮ್ಮನೆ ತಲೆ ತಿನ್ನುವುದು ನನಗೆ ಅಭ್ಯಾಸ.

"ಆಗೂದಿಲ್ಲ. ಮೊದಲ ಕತ್ತರಿಸಬೇಕು. ನಡುವ ಯಾರರ ಕರದ್ರು, ನಾ ಎದ್ದು ಹೋದ್ನಿ ಅನ್ರಿ. ಕೆಂಪು ಇಲ್ಲದಿದ್ರ ಜನ ಕೇಳ್ತಾರ. ಎರಡು ಕೆಂಪಿದ್ರ ಕೇಳೂದಿಲ್ಲ, ಕೈಗೆ ಸಿಕ್ಕಿದ್ದನ್ನ ನಂಬ್ತಾರ. ನಿಮ್ಮಂಗ."

ಆ ಕೊನೆಯ ಮಾತು ಅವರು ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಹೇಳುವುದೇ ಅವರ ರೀತಿ.

ಇತ್ತೀಚಿನದು ಯಾವುದೆಂದು ತಿಳಿಯುವುದು ಹೇಳಿದಷ್ಟು ಸುಲಭವೇನಲ್ಲ. ಅಂಗಡಿಯಲ್ಲಿ ಮೇಸ್ತ್ರಿ ಇದ್ದರೆ, ಹಡಗಲಿ ಕಡೆಗೆ ಒಬ್ಬ, ಹರಪನಹಳ್ಳಿ ಕಡೆಗೆ ಒಬ್ಬ ತಿರುಗಾಡುವ ವೈಂಡರ್ ಇದ್ದರು. ಅವರು ಬಾವಿಯ ಬಳಿಯೇ ಕೆಲಸ ಮಾಡಿ ಚೀಟಿಯನ್ನು ಬಸ್ ಕಂಡಕ್ಟರ ಕೈಲಿ ಕಳಿಸುತ್ತಿದ್ದರು. ಕೆಲವು ಚೀಟಿ ಅದೇ ದಿನ ಬರುತ್ತಿದ್ದವು, ಕೆಲವು ಕಂಡಕ್ಟರ ಜೇಬಿನಲ್ಲಿ ತಿಂಗಳು ಕಳೆದು ಬೆವರಿನಲ್ಲಿ ಮೆತ್ತಗಾಗಿ ಬರುತ್ತಿದ್ದವು. ಅವುಗಳ ಮೇಲೆ ತಾರೀಖು ಬೇರೆ ಇರುತ್ತಿರಲಿಲ್ಲ. 'ಅಮಾಸಿ ಮರುದಿನ', 'ಸಂತಿ ಹಿಂದಿನ ದಿನ', 'ಗೌಡ್ರ ಮನಿ ಮದುವಿ ದಿನ' ಎಂದು ಬರೆಯುತ್ತಿದ್ದರು. ಆಪಾ ಪಂಚಾಂಗವನ್ನೂ ಉರ್ದು ಕ್ಯಾಲೆಂಡರನ್ನೂ ಒಂದೇ ಮೊಳೆಗೆ ತೂಗುಹಾಕಿದ್ದರು. ಚಂದ್ರ ಇಬ್ಬರಿಗೂ ಒಬ್ಬನೇ ಎಂಬುದು ಅವರ ಲೆಕ್ಕ. ಅದಕ್ಕೂ ಸಿಗದಿದ್ದರೆ ಕರೆಂಟು ಕೇಳುತ್ತಿದ್ದರು: "ಆವತ್ತು ಮೋಟ್ರಿನ ಕರೆಂಟು ಮುಂಜಾನಿ ಪಾಳಿನೋ, ಸಂಜಿ ಪಾಳಿನೋ?" ಯಾವ ವಾರ ಯಾವ ಪಾಳಿ ಎಂಬುದು ಅವರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿತ್ತು. ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ತಾರೀಖು ಸಿಕ್ಕಿಬೀಳುತ್ತಿತ್ತು.

ಈಗ ಏಜೆನ್ಸಿಯ ವಿಷಯಕ್ಕೆ ಬರುತ್ತೇನೆ. ನನ್ನ ಬದುಕಿನ ದೊಡ್ಡ ಪಂದ್ಯ ಅದು.

ತಮಿಳುನಾಡಿನ ಕಡೆಯ ಒಂದು ಪಂಪ್ ಕಂಪನಿ ನಮ್ಮ ಐದು ತಾಲ್ಲೂಕಿಗೆ ಒಬ್ಬನೇ ಏಜೆಂಟ್ ಸಾಕು ಎಂದು ತೀರ್ಮಾನಿಸಿತು. ಕಣದಲ್ಲಿ ನಾವಿಬ್ಬರು: ನಾನು, ಮತ್ತೆ ಹರಪನಹಳ್ಳಿಯ ಇನ್ನೊಬ್ಬ ವ್ಯಾಪಾರಿ. ಅವನದು ತಲೆಮಾರಿನ ಅಂಗಡಿ, ನನ್ನದು ಸೈಕಲ್ಲಿನ ಅಂಗಡಿ. ಸಿಕ್ಕರೆ ನಾನು ಉಳಿದೆ, ಸಿಗದಿದ್ದರೆ ಅವನ ಕೈಕೆಳಗಿನ ಸಬ್ ಏಜೆಂಟ್. ಕಂಪನಿಯ ಅಧಿಕಾರಿ ಕಾಗದ ಬರೆದು ಒಂದು ವರದಿ ಕೇಳಿದರು. ನೀವು ನೋಡಿಕೊಳ್ಳುವ ಗಿರಾಕಿಗಳ ಪಟ್ಟಿ, ಪ್ರತಿಯೊಬ್ಬರ ಮೋಟಾರು ಯಾವುದು, ಕೊನೆಯ ಸಲ ಕೆಲಸವಾದದ್ದು ಯಾವಾಗ, ಈಗ ಅದರ ಲೆಕ್ಕ ಏನು. ಬಂದು ಪರೀಕ್ಷೆ ಮಾಡುತ್ತೇನೆ ಎಂದೂ ಬರೆದಿದ್ದರು.

ಆಪಾ ಕೆಂಪು ಇದ್ದ ಕಾರ್ಡುಗಳನ್ನಷ್ಟೇ ಒಂದೊಂದಾಗಿ ಎತ್ತಿ, ಒಬ್ಬರಿಗೆ ಒಂದು ಸಾಲಿನಂತೆ ಬರೆದು ಮೂರು ದಿನದಲ್ಲಿ ಮುಗಿಸಿದರು. ಪರದೆಯ ಅಂಚಿನಿಂದ ಬಂದ ವರದಿಯನ್ನು ತೂಗಿ ನೋಡಿದೆ. ತೆಳ್ಳಗಿತ್ತು. ಹರಪನಹಳ್ಳಿಯವನ ಪಟ್ಟಿ ಪಂಚಾಂಗದಷ್ಟು ದಪ್ಪ ಇದೆ ಎಂಬ ಸುದ್ದಿ ಆಗಲೇ ಬಸ್ಸಿನಲ್ಲಿ ಬಂದಿತ್ತು.

"ಆಪಾ, ಎಲ್ಲಾ ಕಾರ್ಡೂ ಬರೀರಿ. ಕಾರ್ಡಿಗೊಂದು ಸಾಲು."

"ಯಾಕ್ರಿ?"

"ಪಟ್ಟಿ ದಪ್ಪ ಕಾಣಬೇಕು. ಸಾಹೇಬ್ರು ಎಣಿಸ್ತಾ ಕೂಡ್ತಾರೇನು?"

"ಒಬ್ಬ ರೈತ ಮೂರು ಸಲ ಬಂದ್ರ ಮೂರು ಮಂದಿ ರೈತರಾಗ್ತಾರೇನ್ರಿ ಸಾವ್ಕಾರ್ರ?"

"ವ್ಯಾಪಾರ ಅಂದ್ರ ಹಂಗ ಆಪಾ. ನಿಮಗ ತಿಳಿಯೂದಿಲ್ಲ."

"ವ್ಯಾಪಾರ ತಿಳಿಯೂದಿಲ್ಲ. ಮೋಟ್ರು ತಿಳಿತೈತಿ. ಹಳೇ ಲೆಕ್ಕಾನ ಇವತ್ತಿನ ಲೆಕ್ಕ ಅಂತ ನಾ ಬರಿಯೂದಿಲ್ಲ. ಬೇಕಂದ್ರ ನೀವ ಬರಕೊಳ್ರಿ. ಕೊಟ್ರಪ್ಪನ ಕಾರ್ಡು ಓದಿದಂಗ."

ನಾನು ಸೋತೆ. ತತ್ವಕ್ಕಾಗಿ ಸೋತೆ ಎಂದು ಹೇಳಿಕೊಳ್ಳುವುದಿಲ್ಲ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ, ಅದಕ್ಕೇ ಸೋತೆ.

ಅಧಿಕಾರಿ ಜೀಪಿನಲ್ಲಿ ಬಂದರು. ಕನ್ನಡಕದ ಮನುಷ್ಯ, ಬೆಂಗಳೂರು ಕಡೆಯ ಮಾತು. ಎರಡೂ ಪಟ್ಟಿಯನ್ನು ಮೇಜಿನ ಮೇಲಿಟ್ಟು, ದಪ್ಪದರ ಮೇಲೆ ಕೈಯಿಟ್ಟು, ತೆಳ್ಳಗಿನದರ ಕಡೆ ಹುಬ್ಬೇರಿಸಿದರು. ನಾನು ಬಿಡಲಿಲ್ಲ. ಪೆಟ್ಟಿಗೆ ತಂದಿಟ್ಟು, ಕೆಂಪು ಪಟ್ಟಿ ತೋರಿಸಿ, ಒಬ್ಬರಿಗೆ ಒಂದೇ ಎಂದು ವಿವರಿಸಿದೆ.

"ಚೆನ್ನಾಗಿದೆಯಲ್ರೀ. ಯಾರ ಐಡಿಯಾ?"

"ನನ್ನ ಪದ್ಧತಿ ಸಾರ್," ಎಂದೆ.

ಪರದೆಯ ಹಿಂದೆ ಬಳೆ ಒಂದು ಸಲ ಸದ್ದಾಯಿತು, ಅಷ್ಟೇ.

ಅಧಿಕಾರಿ ಎರಡೂ ಪಟ್ಟಿಯಲ್ಲಿದ್ದ ಒಂದು ಹೆಸರು ಆರಿಸಿದರು: ಹಲವಾಗಲಿನ ಬಸಮ್ಮ. ತುಂಗಭದ್ರೆಯ ದಂಡೆಯಲ್ಲಿ ಭತ್ತ ಬೆಳೆಯುವ ಹೆಂಗಸು, ಮೊದಲು ಹರಪನಹಳ್ಳಿಯ ಅಂಗಡಿಯ ಗಿರಾಕಿ. ಅವಳ ಮೂರು ಕಾರ್ಡು ಹೊರಗೆ ಎಳೆದರು. ಕೆಂಪು ಇದ್ದದ್ದು ನಡುವಿನ ಕಾರ್ಡಿಗೆ. ಎಲ್ಲಕ್ಕಿಂತ ಹಿಂದೆ, ಕೊನೆಗೆ ಸೇರಿಸಿದ್ದ ಕಾರ್ಡು ಬೋಳಾಗಿತ್ತು.

"ಇದೇನ್ರೀ? ಕೊನೇ ಕಾರ್ಡು ಇದು. ಕೆಂಪು ಇನ್ನೊಂದಕ್ಕಿದೆ. ನಿಮ್ಮ ಪದ್ಧತಿ ಅಂದ್ರಲ್ಲ, ಹೇಳಿ."

ಕಾರ್ಡು ತಿರುಗಿಸಿದೆ, ಮತ್ತೆ ತಿರುಗಿಸಿದೆ. ಐದು ತಾಲ್ಲೂಕು ನನ್ನ ಬೆರಳ ಸಂದಿಯಿಂದ ಮರಳಿನಂತೆ ಸೋರುತ್ತಿತ್ತು. ಅಧಿಕಾರಿ ದಪ್ಪ ಪಟ್ಟಿಯ ಕಡೆಗೆ ಕೈ ಚಾಚಿದರು. ಆಗ ನಾನು ಕೂಗಿದೆ, ಬಾವಿಯಲ್ಲಿ ಬಿದ್ದವನು ಕೂಗುವ ಹಾಗೆ:

"ಆಪಾ!"

ಪರದೆ ಸರಿಯಿತು. ತಲೆಯ ಮೇಲೆ ಸೆರಗು, ಕೈಯಲ್ಲಿ ಕತ್ತರಿ. ಆಪಾ ನೇರ ನಡೆದು ಬಂದು ಮೇಜಿನ ಮುಂದೆ ನಿಂತರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಸಾಹೇಬ್ರ, ಈ ಬೋಳು ಕಾರ್ಡು ಬರದದ್ದು ಕಡೀಗೆ. ಕೆಲಸ ಆದದ್ದು ಮೊದಲ. ಹರಪನಹಳ್ಳಿ ಕಡೆ ವೈಂಡರ್ ಭಾರತ ಹುಣ್ಣಿಮಿಗೆ ಮೂರು ದಿನ ಮೊದಲ ಸುತ್ತಿದ್ದ. ಚೀಟಿ ಕಂಡಕ್ಟರ್ ಕೈಯಾಗ ಕೊಟ್ಟ. ಆ ವಾರ ಬಸ್ಸೆಲ್ಲಾ ಮೈಲಾರದ ಜಾತ್ರಿ ಕಡೀಗೆ ತಿರುಗಿಸಿದ್ರು. ಚೀಟಿ ಜೇಬಿನ್ಯಾಗ ಉಳೀತು. ಅಷ್ಟರಾಗ ಮೋಟ್ರು ಮತ್ತ ಸುಟ್ಟು ಶಿವರಾತ್ರಿ ಮರುದಿನ ಇಲ್ಲಿಗೇ ಬಂತು. ನನ್ನ ತಮ್ಮ ದಪ್ಪ ತಂತಿ ಹಾಕಿ ಸುತ್ತಿದ. ಅದೇ ಈ ಕೆಂಪಿಂದು. ಹಳೇ ಚೀಟಿ ನನ್ನ ಕೈಗೆ ಬಂದದ್ದು ಹೋಳಿ ಆದ ಮ್ಯಾಲೆ. ಬಂದದ್ದನ್ನ ಬರದೀನಿ. ಆದ್ರ ಕೆಂಪು ಕಟ್ಟಿಲ್ಲ."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಹೇಳೋದು ಸರಿಯಾಗಿದೆಯಮ್ಮ. ಆದರೆ ಮೋಟಾರಿನೊಳಗೆ ಯಾವ ತಂತಿ ಇದೆ ಅಂತ ನಾನು ನೋಡಬೇಕಲ್ಲ."

"ನೋಡ್ರಿ. ಹೋಗೂಣು. ನಾನೂ ಬರ್ತೀನಿ."

ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಬಿಟ್ಟ. ಆಪಾ ಜೀಪು ಹತ್ತಿದ್ದು ಅದೇ ಮೊದಲು. ಹಿಂದಿನ ಸೀಟಿನಲ್ಲಿ ತಮ್ಮನ ಪಕ್ಕ ಕುಳಿತು ಹರಪನಹಳ್ಳಿ ದಾಟಿದ ಮೇಲೆ "ಗಾಳಿ ಚಲೋ ಐತಿ" ಎಂದರು. ನನಗೆ ಗಾಳಿಯ ಕಡೆ ಗಮನವಿರಲಿಲ್ಲ. ಕಾರ್ಡು ಸುಳ್ಳಾದರೆ ಎಂಬ ಚಿಂತೆಯಲ್ಲಿ ದಾರಿಯುದ್ದಕ್ಕೂ ಮನೆದೇವರಿಗೆ ತೆಂಗಿನಕಾಯಿ ಹರಕೆ ಹೊತ್ತೆ. ಐದರಿಂದ ಶುರು ಮಾಡಿ ಹನ್ನೊಂದಕ್ಕೆ ಬಂದು ನಿಂತಿದ್ದೆ.

ಹಲವಾಗಲಿನ ಹೊಳೆದಂಡೆಯಲ್ಲಿ ಬಸಮ್ಮ ಸೊಂಟಕ್ಕೆ ಕೈಯಿಟ್ಟು ಎದುರಾದಳು.

"ಏನ್ರಪ್ಪಾ, ಜೀಪು ತಗಂಡು ಬಂದೀರಿ? ನನ್ನ ಮೋಟ್ರು ಏನರ ಕಳ್ಳತನ ಮಾಡೈತಾ?"

"ಸ್ವಲ್ಪ ಬಿಚ್ಚಿ ನೋಡ್ಬೇಕಮ್ಮ," ಎಂದರು ಅಧಿಕಾರಿ.

"ಬಿಚ್ಚೋಕೇನು, ಬಿಚ್ಚಿರಿ. ಸಂಜಿ ಪಾಳಿ ಕರೆಂಟು ಬರೋದ್ರೊಳಗ ಮುಚ್ಚಿ ಕೊಡ್ಬೇಕು. ಇಲ್ಲಂದ್ರ ನಿಮ್ಮನ್ನೆಲ್ಲಾ ಹೊಳಿಗೆ ಇಳಿಸಿ ಬುಟ್ಟೀಲಿ ನೀರು ಹೊರಸ್ತೀನಿ."

ಮೇಸ್ತ್ರಿ ಮುಚ್ಚಳ ತೆಗೆದು, ಸುರುಳಿಯ ತುದಿಯ ವಾರ್ನಿಷ್ ಕೆರೆದು, ತಂತಿ ಅಳೆಯುವ ಗೇಜನ್ನು ಅಧಿಕಾರಿಯ ಕೈಗೇ ಕೊಟ್ಟ. ಅಧಿಕಾರಿ ಕೂತು ಅಳೆದರು. ಎದ್ದು, ಮತ್ತೆ ಕೂತು ಅಳೆದರು. ಹರಪನಹಳ್ಳಿಯ ಪಟ್ಟಿ ಬಿಡಿಸಿ ಬಸಮ್ಮನ ಹೆಸರು ಹುಡುಕಿದರು. ಅಲ್ಲಿ ಬಸಮ್ಮ ಮೂರು ಕಡೆ ಇದ್ದಳು, ಮೂರೂ ಕಡೆ ತೆಳು ತಂತಿ. ನಮ್ಮ ಪಟ್ಟಿಯಲ್ಲಿ ಒಂದೇ ಕಡೆ ಇದ್ದಳು, ದಪ್ಪ ತಂತಿ. ಮೋಟಾರಿನಲ್ಲಿ ಇದ್ದದ್ದು ದಪ್ಪ ತಂತಿ.

"ನಾನು ಮೂರು ಮಂದಿ ಅದೀನಾ?" ಬಸಮ್ಮ ಪಟ್ಟಿಗೆ ಇಣುಕಿ ಕೇಳಿದಳು. "ಹಂಗಾದ್ರ ಕಳೆ ತೆಗೆಯೋಕೆ ಉಳಿದಿಬ್ರನ್ನ ಕಳಸ್ರಪ್ಪಾ!"

ಅಧಿಕಾರಿ ಜೀಪಿನ ಬಾನೆಟ್ ಮೇಲೆ ಆ ಪಟ್ಟಿ ಹರಡಿ ಕೆಂಪು ಪೆನ್ಸಿಲ್ ತೆಗೆದರು. ಎರಡೆರಡು ಸಲ ಬಂದವರನ್ನು, ಮೂರು ಸಲ ಬಂದವರನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದರು. ಪಂಚಾಂಗ ಕರಗುತ್ತ ಕರಗುತ್ತ ನಮ್ಮದಕ್ಕಿಂತ ತೆಳ್ಳಗಾಯಿತು. ಹರಪನಹಳ್ಳಿಯವನು ಮೋಸಗಾರನೆಂದು ನಾನು ಹೇಳುವುದಿಲ್ಲ. ನಾನೂ ಅದನ್ನೇ ಮಾಡಹೊರಟವನು, ನನ್ನಲ್ಲಿ ಒಬ್ಬ ಆಪಾ ಇದ್ದರು, ಅವನಲ್ಲಿ ಇರಲಿಲ್ಲ. ಏಜೆನ್ಸಿ ಅಲ್ಲೇ, ಆ ಹೊಳೆದಂಡೆಯಲ್ಲೇ ನಮ್ಮದಾಯಿತು. ಪ್ರಮಾಣಪತ್ರ ಆಮೇಲೆ ಅಂಚೆಯಲ್ಲಿ ಬಂತು. ಬಸಮ್ಮ ಎಲ್ಲರಿಗೂ ಚುರುಮುರಿ ಕಲಸಿ ಕೊಟ್ಟಳು. ಕರೆಂಟು ಬಂದಾಗ ಮೋಟಾರು ಗುಂಯ್ ಎಂದು ನೀರೆತ್ತಿತು. ಅಂಥ ಸಂಗೀತ ನಾನು ಮತ್ತೆ ಕೇಳಿಲ್ಲ.

ಮರುದಿನ ಪರದೆಯ ಮುಂದೆ ನಿಂತು, "ಏನು ಬೇಕು ಕೇಳ್ರಿ ಆಪಾ," ಎಂದೆ.

"ಮೇಜು, ಕುರ್ಚಿ. ಅಂಗಡ್ಯಾಗ."

"ಒಳಗ ಹಾಕಿಸ್ತೀನಿ, ನಿಮ್ಮ ಮನಿ ಕಡೆ."

"ಒಳಗ ಬೆಳಕಿಲ್ಲ."

"ಹಂಗಾದ್ರ ಅಂಗಡಿ ಹಿಂದಿನ ಮೂಲ್ಯಾಗ."

"ಬಾಗ್ಲ ಪಕ್ಕ."

"ಗ್ವಾಡಿ ಕಡೆ ಮುಖ ಮಾಡಿ?"

"ರಸ್ತೆ ಕಡೆ."

ನಾನು ಹುಟ್ಟಿದಾಗಿನಿಂದ ಮಾಡಿದ ಚೌಕಾಸಿಗಳಲ್ಲಿ ಒಂದು ಹೆಜ್ಜೆಯೂ ಗೆಲ್ಲದ ಚೌಕಾಸಿ ಇದೊಂದೇ. ಸೋತು ಇಷ್ಟು ಲಾಭವಾದದ್ದೂ ಇದೊಂದರಲ್ಲೇ. ಚೀಟಿ ತರುವ ಕಂಡಕ್ಟರುಗಳು ಬಾಗಿಲಲ್ಲೇ ಆಪಾನ ಕಣ್ಣಿಗೆ ಬೀಳತೊಡಗಿದ ಮೇಲೆ ಒಂದು ಚೀಟಿಯೂ ಜೇಬಿನಲ್ಲಿ ಉಳಿಯಲಿಲ್ಲ. 'ಎಷ್ಟು ದಿನ ಆತು ಇದು?' ಎಂಬ ಒಂದು ನೋಟ ಸಾಕಾಗುತ್ತಿತ್ತು.

ಇಷ್ಟೆಲ್ಲ ಆದರೂ ನನ್ನ ನಾಲಿಗೆ ಮಾತ್ರ ತಿದ್ದಿಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ಕಂಪನಿಯ ಏಜೆಂಟರ ಸಭೆ ನಡೆದಾಗ ನನ್ನನ್ನು ವೇದಿಕೆಗೆ ಕರೆದು ಕೆಂಪು ಪಟ್ಟಿಯ ಬಗ್ಗೆ ಹೇಳಿ ಎಂದರು. ಶಾಲು ಹೊದಿಸಿದರು. ಮೈಕು ಕಂಡರೆ ಮನುಷ್ಯ ಬೇರೆಯೇ ಆಗುತ್ತಾನೆ. 'ನಾನು ಕಂಡುಹಿಡಿದ ಪದ್ಧತಿ' ಎಂದೆ. ಚಪ್ಪಾಳೆ ಬಿತ್ತು. ವಾಪಸು ಬಂದು ಆಪಾನ ಮುಂದೆ ಶಾಲಿನ ಮಾತೆತ್ತಿದೆ, ಭಾಷಣದ ಮಾತೆತ್ತಲಿಲ್ಲ. ಅವರೂ ಕೇಳಲಿಲ್ಲ. ಗೊತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ಹಾಯಾಗಿದ್ದೆ.

ಹೋದ ತಿಂಗಳು ಕತ್ತರಿ ನನ್ನ ಮುಂದಿಟ್ಟ ಮೇಲೆ ಅವರು ಹೊರಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು.

"ಹುಬ್ಬಳ್ಯಾಗ ಏನು ಹೇಳಿದ್ರಿ ಅಂತ ನನಗ ಗೊತ್ತೈತ್ರಿ ಸಾವ್ಕಾರ್ರ. ಚೀಟಿ ತಡಾ ಆಗಿ ಬಂತು, ಆದ್ರ ಬಂತು."

ನಾನು ಎದ್ದು ನಿಂತೆ. "ಆಪಾ, ಈಗ ಏನು ಮಾಡ್ಲಿ ಹೇಳ್ರಿ."

"ಆ ಮಾತಿಗೆ ಇನ್ನೂ ಕೆಂಪು ಐತಿ. ಜನ ಅದನ್ನ ಓದ್ತಾರ. ಹೊಸಾದು ಬರೀರಿ."

"ನಿಮ್ಮ ಹೆಸರು ಹಾಕಿ ಬರೀತೀನಿ."

"ಹೆಸರು ಬ್ಯಾಡ. ಕೆಲಸ ಬರೀರಿ. ಮೋಟ್ರಿಗೆ ನನ್ನ ಹೆಸರು ಗೊತ್ತಿರಲಿಲ್ಲ, ಆದ್ರೂ ತಿರುಗ್ತು."

ನಕ್ಕರು. ಪರದೆಯ ಕಡೆಗೆ ಹೋಗಲಿಲ್ಲ. ಅಂಗಡಿಯ ಮುಂಬಾಗಿಲಿನಿಂದ, ರಸ್ತೆಗೆ ಇಳಿದು, ಓಣಿ ಸುತ್ತಿ ಮನೆಗೆ ಹೋದರು. ಬಸ್ ನಿಲ್ದಾಣದಲ್ಲಿ ನಿಂತಿದ್ದ ಕಂಡಕ್ಟರೊಬ್ಬ ಬಾಯಿಂದ ಸೀಟಿ ತೆಗೆದು ಕೈಮುಗಿದ.

ಹಾಗಾಗಿ ಕುಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಗಿರಾಕಿಗಳೇ, ಹುಬ್ಬಳ್ಳಿಯಲ್ಲಿ ಚಪ್ಪಾಳೆ ತಟ್ಟಿದ ಏಜೆಂಟರೇ, ಕೆಂಪು ಪಟ್ಟಿಯ ಪದ್ಧತಿ ನನ್ನದಲ್ಲ. ಅದು ಮೇಲೆ ಹೇಳಿದ ಆ ಹೆಂಗಸಿನದು. ನಾನು ಹಿಂದೆ ಹೇಳಿದ್ದು ಪೆಟ್ಟಿಗೆಯಲ್ಲೇ ಇರಲಿ, ಎಸೆಯುವುದು ಬೇಡ. ಆದರೆ ಅದರ ಕೆಂಪು ಪಟ್ಟಿಯನ್ನು ಅವರ ಕತ್ತರಿಯಿಂದಲೇ ಮೊದಲು ಕತ್ತರಿಸಿದ್ದೇನೆ. ಆಮೇಲೆ ಈ ಬರಹಕ್ಕೆ ಕಟ್ಟಿದ್ದೇನೆ.